ಚೆಲ್ಲಿದ ಹರಳಿನ ವಿಷಯ ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಯಿರಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸರ್ಜನ್‌ಗಳಿಗೆ, ಆಸ್ಪತ್ರೆ ನಡೆಸುವವರಿಗೆ ಮತ್ತು ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ಪಿತ್ತಕೋಶದ ಕ್ಯಾಮೆರಾ ಆಪರೇಷನ್ ಮಾಡುವಾಗ ಹರಳು ಹೊಟ್ಟೆಯೊಳಗೆ ಚೆಲ್ಲಿದರೆ ಅದನ್ನು ಡಿಸ್ಚಾರ್ಜ್ ಕಾರ್ಡಿನಲ್ಲಿ ಬರೆಯಿರಿ. ರೋಗಿಗೂ ಮನೆಯವರಿಗೂ ತಿಳಿಯುವ ಮಾತಿನಲ್ಲಿ ಹೇಳಿ ಕಳಿಸಿ. ನಾನು ಕೇಳುವುದು ಇದೊಂದನ್ನೇ. ಯಾಕೆ ಕೇಳುತ್ತಿದ್ದೇನೆ ಅನ್ನುವುದನ್ನು ಮುಂದೆ ಬರೆದಿದ್ದೇನೆ.

ನಾನು ಕುಂದಗೋಳ ತಾಲೂಕಿನವನು. ಅಮರಗೋಳದ ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯ ಲೆಕ್ಕ ಬರೆಯುತ್ತೇನೆ. ಡಾಕ್ಟರಿಕೆ ಓದಿದವನಲ್ಲ. ನಮ್ಮ ಅವ್ವನ ಕಾಯಿಲೆಯ ಬೆನ್ನು ಹತ್ತಿ, ಸಿಕ್ಕ ಡಾಕ್ಟರುಗಳನ್ನೆಲ್ಲ ಕೇಳಿ, ಅವರು ಓದು ಅಂದದ್ದನ್ನು ಓದಿ ತಿಳಿದುಕೊಂಡದ್ದು ಇಲ್ಲಿದೆ. ಅವ್ವನ ಆಪರೇಷನ್ ನಡೆದ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ. ಅಲ್ಲಿನ ಸರ್ಜನ್ ಮೇಲೆ ನನಗೆ ಹಗೆ ಇಲ್ಲ. ಒಬ್ಬರನ್ನು ಹಿಡಿದು ಬೈದರೆ ಉಳಿದ ನೂರು ಆಸ್ಪತ್ರೆಗಳ ಕಾರ್ಡು ಬದಲಾಗುವುದಿಲ್ಲ.

ಈ ಪತ್ರವನ್ನು ಡಾಕ್ಟರಲ್ಲದವರೂ ಓದುತ್ತಾರೆ, ಹಾಗಾಗಿ ಆಪರೇಷನ್ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಪಿತ್ತಕೋಶ ಅಂದರೆ ಲಿವರ್‌ನ ಅಡಿಗೆ ಅಂಟಿಕೊಂಡ ಒಂದು ಸಣ್ಣ ಚೀಲ. ಅದರಲ್ಲಿ ಹರಳಾಗಿ ನೋವು ಶುರುವಾದರೆ ಹರಳನ್ನಷ್ಟೇ ತೆಗೆದರೆ ಸಾಲದು, ಚೀಲವನ್ನೇ ತೆಗೆಯಬೇಕು. ಮೊದಲೆಲ್ಲ ಬಲಪಕ್ಕೆಯ ಕೆಳಗೆ ಗೇಣುದ್ದ ಕೊಯ್ಯುತ್ತಿದ್ದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಎಂಬ ಸರ್ಜನ್ ಸಣ್ಣ ರಂಧ್ರದ ಮೂಲಕ ಅದನ್ನು ತೆಗೆದು ತೋರಿಸಿದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಈ ಆಪರೇಷನ್ ಶುರು ಮಾಡಿದರು. ಈಗ ಇದು ನಮ್ಮ ಕಡೆ ದಿನನಿತ್ಯದ ಕೆಲಸ. ಹೊಟ್ಟೆಗೆ ಗ್ಯಾಸ್ ತುಂಬಿ ಉಬ್ಬಿಸುತ್ತಾರೆ. ಹೊಕ್ಕಳ ಹತ್ತಿರ ಒಂದು, ಪಕ್ಕೆಯ ಕೆಳಗೆ ಎರಡು ಮೂರು ತೂತು. ಒಂದರಲ್ಲಿ ಕ್ಯಾಮೆರಾ, ಉಳಿದವುಗಳಲ್ಲಿ ಇಕ್ಕಳ, ಕತ್ತರಿ, ಕರೆಂಟಿನ ಕೊಕ್ಕೆ. ಪಿತ್ತಕೋಶದ ನಾಳಕ್ಕೂ ರಕ್ತನಾಳಕ್ಕೂ ಕ್ಲಿಪ್ ಹಾಕಿ, ಚೀಲವನ್ನು ಲಿವರ್‌ನಿಂದ ಬಿಡಿಸಿ, ಒಂದು ತೂತಿನಿಂದ ಹೊರಗೆ ಎಳೆಯುತ್ತಾರೆ. ಒಂದೆರಡು ದಿನಕ್ಕೆ ಮನೆಗೆ ಕಳಿಸುತ್ತಾರೆ. ದೊಡ್ಡ ಗಾಯದ ನೋವಿಲ್ಲ, ಹೊಲದ ಕೆಲಸಕ್ಕೂ ಬೇಗ ಹೋಗಬಹುದು. ಒಳ್ಳೆಯ ಆಪರೇಷನ್ನೇ. ನನ್ನ ಪತ್ರ ಓದಿ ಯಾರೂ ಇದನ್ನು ಮುಂದಕ್ಕೆ ಹಾಕಬಾರದು.

ಆದರೆ ಪಿತ್ತಕೋಶದ ಗೋಡೆ ತೆಳು. ಊದಿಕೊಂಡು ಕೀವಾಗಿದ್ದರೆ ಇನ್ನೂ ಮೆತ್ತಗಾಗಿರುತ್ತದೆ. ಇಕ್ಕಳದಿಂದ ಹಿಡಿದು ಎಳೆಯುವಾಗ, ಲಿವರ್‌ನಿಂದ ಬಿಡಿಸುವಾಗ, ಕೊನೆಗೆ ಸಣ್ಣ ತೂತಿನಿಂದ ಹೊರಗೆ ತರುವಾಗ ಎಲ್ಲಿ ಬೇಕಾದರೂ ಹರಿಯಬಹುದು. ವೈದ್ಯಕೀಯ ಬರಹಗಳಲ್ಲಿ ಕೊಡುವ ಲೆಕ್ಕದಂತೆ 100 ಆಪರೇಷನ್‌ಗಳಲ್ಲಿ 10ರಿಂದ 40ರಲ್ಲಿ ಹೀಗೆ ಹರಿಯುತ್ತದೆ. ಹರಿದಾಗಲೆಲ್ಲ ಹರಳು ಚೆಲ್ಲುವುದಿಲ್ಲ, ಎಷ್ಟೋ ಸಲ ಬರೀ ಪಿತ್ತರಸ ಬರುತ್ತದೆ. ಹರಳು ಚೆಲ್ಲುವುದು ಸುಮಾರು 100ಕ್ಕೆ 7ರಲ್ಲಿ. ಚೆಲ್ಲಿದ್ದರಲ್ಲೂ ಹೆಚ್ಚಿನವನ್ನು ಸರ್ಜನ್ ಹುಡುಕಿ ತೆಗೆಯುತ್ತಾರೆ. ತಪ್ಪಿ ಒಳಗೆ ಉಳಿದವುಗಳಲ್ಲೂ ಬಹಳಷ್ಟು ಜನ್ಮವಿಡೀ ಸುಮ್ನೆ ಇದ್ದುಬಿಡುತ್ತವೆ. ಕೊನೆಗೆ ತೊಂದರೆ ಕೊಡುವುದು ಒಟ್ಟು ಆಪರೇಷನ್‌ಗಳಲ್ಲಿ 1000ಕ್ಕೆ ಒಂದರಿಂದ ಮೂರರ ಆಸುಪಾಸು.

ಈ ಕೊನೆಯ ಅಂಕಿ ನೋಡಿಯೇ ಎಲ್ಲರೂ ಸುಮ್ಮನಾಗುತ್ತಾರೆ ಅಂತ ನನಗೆ ಅನಿಸುತ್ತದೆ. ಸಾವಿರಕ್ಕೆ ಒಬ್ಬರು, ಇಬ್ಬರು. ಈ ಆಪರೇಷನ್ ಬಂದ ಹೊಸದರಲ್ಲಿ, ಚೆಲ್ಲಿದ ಹರಳಿನಿಂದ ಏನೂ ಆಗುವುದಿಲ್ಲ ಎಂದೇ ಬಹಳ ಸರ್ಜನ್‌ಗಳು ನಂಬಿದ್ದರಂತೆ. ಆಮೇಲೆ ವರ್ಷ ಕಳೆದಂತೆ ಒಂದೊಂದೇ ಕೇಸು ಹೊರಗೆ ಬಂತು. ಕೆಲವರಿಗೆ ತಿಂಗಳೊಪ್ಪತ್ತಿನಲ್ಲಿ, ಹೆಚ್ಚಿನವರಿಗೆ ಕೆಲವು ತಿಂಗಳಾದ ಮೇಲೆ, ಇನ್ನು ಕೆಲವರಿಗೆ ಹತ್ತು ವರ್ಷ, ಅದಕ್ಕೂ ಜಾಸ್ತಿ ಕಳೆದ ಮೇಲೆ. ಹರಳಿನ ಸುತ್ತ ಕೀವು ಕಟ್ಟುತ್ತದೆ. ಲಿವರ್‌ನ ಕೆಳಗೆ, ಲಿವರ್ ಮತ್ತು ವಪೆಯ (ಎದೆ, ಹೊಟ್ಟೆ ಎರಡರ ನಡುವಿನ ಪರದೆ) ನಡುವೆ, ಕಿಡ್ನಿಯ ಹಿಂದೆ, ಕಿಬ್ಬೊಟ್ಟೆಯಲ್ಲಿ, ಇಲ್ಲವೇ ತೂತು ಹಾಕಿದ ಜಾಗದ ಚರ್ಮದ ಅಡಿಯಲ್ಲಿ. ಕೀವು ದಾರಿ ಮಾಡಿಕೊಂಡು ಹೊರಗೆ ಒಡೆದರೆ ಮಾಯದ ಹುಣ್ಣಾಗುತ್ತದೆ. ವಪೆಯನ್ನು ಕೊರೆದುಕೊಂಡು ಎದೆಗೆ ಹೋಗಿ, ಕೆಮ್ಮಿದಾಗ ಕಫದ ಜೊತೆ ಹರಳು ಬಿದ್ದ ಕೇಸುಗಳೂ ದಾಖಲಾಗಿವೆ. ಮೂತ್ರದಲ್ಲಿ ಬಿದ್ದದ್ದೂ ಇದೆ. ಹರ್ನಿಯಾದ ಚೀಲದಲ್ಲಿ ಸಿಕ್ಕದ್ದೂ ಇದೆ.

ಎಲ್ಲ ಹರಳೂ ಒಂದೇ ಅಲ್ಲ. ಕೊಲೆಸ್ಟ್ರಾಲ್ ಹರಳಿಗಿಂತ ಕಪ್ಪು, ಕಂದು ಬಣ್ಣದ ಪಿಗ್ಮೆಂಟ್ ಹರಳು ಜಾಸ್ತಿ ತೊಂದರೆ ಕೊಡುತ್ತದೆ, ಅದರಲ್ಲೂ ಕಂದು ಹರಳಿನ ಒಳಗೇ ರೋಗಾಣು ಮನೆ ಮಾಡಿರುತ್ತವೆ. ಉತ್ತರ ಭಾರತಕ್ಕೆ ಹೋಲಿಸಿದರೆ ದಕ್ಷಿಣದವರಲ್ಲಿ ಪಿಗ್ಮೆಂಟ್ ಹರಳು ಜಾಸ್ತಿ ಎಂದು ಡಾಕ್ಟರುಗಳೇ ಹೇಳುತ್ತಾರೆ. ವಯಸ್ಸಾದವರಾಗಿದ್ದು, ಆಪರೇಷನ್ ದಿನ ಪಿತ್ತಕೋಶ ಊದಿ ಸೋಂಕಾಗಿದ್ದು, ಹರಳು ದೊಡ್ಡವಾಗಿದ್ದು ಅಥವಾ ಬಹಳ ಇದ್ದರೆ ಅಪಾಯ ಇನ್ನೂ ಹೆಚ್ಚು. ನಮ್ಮ ಅವ್ವನ ವಿಷಯದಲ್ಲಿ ಹೆಚ್ಚುಕಡಿಮೆ ಇವೆಲ್ಲ ಒಟ್ಟಿಗೇ ಇದ್ದವು.

ಅವ್ವನ ಆಪರೇಷನ್ ಆಗಿದ್ದು ಕೆಲವು ವರ್ಷದ ಹಿಂದೆ. ಶೇಂಗಾ ಕೀಳುವ ಹಂಗಾಮು. ಹೊಟ್ಟೆನೋವು ಅಂತ ಎರಡು ದಿನ ಓಮಿನ ಕಷಾಯ ಕುಡಿದು ಮಲಗಿದ್ದಳು. ಮೂರನೇ ದಿನ ಜ್ವರ, ವಾಂತಿ. ಹುಬ್ಬಳ್ಳಿಗೆ ಕರೆದುಕೊಂಡು ಬಂದೆವು. ಸ್ಕ್ಯಾನ್ ಮಾಡಿ ಪಿತ್ತಕೋಶದ ತುಂಬ ಹರಳಿದೆ, ಸೋಂಕಾಗಿದೆ ಅಂದರು. ಆಪರೇಷನ್ ಆಯಿತು. ಹೊರಗೆ ಕಾಯುತ್ತಿದ್ದ ನಮಗೆ ಒಬ್ಬ ಸಹಾಯಕ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ತಂದು ತೋರಿಸಿದ. ‘ನೋಡ್ರಿ, ಇಷ್ಟ ಇದ್ದುವು’ ಅಂದ. ತಳದಲ್ಲಿ ಕರಿ-ಕಂದು ಬಣ್ಣದ ಹರಳು, ಕೆಲವು ತೊಗರಿಕಾಳಿನಷ್ಟು, ಕೆಲವು ಸಾಸಿವೆಯಷ್ಟು. ನಮ್ಮ ತಮ್ಮ ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ. ಈ ಭಾಗದಲ್ಲಿ ಆಪರೇಷನ್ ಮಾಡಿಸಿದ ಮನೆಯವರಿಗೆಲ್ಲ ಈ ಡಬ್ಬಿಯ ಪರಿಚಯ ಇದೆ. ಹೊರಗೆ ಬಂದದ್ದನ್ನು ಎಲ್ಲರೂ ತೋರಿಸುತ್ತಾರೆ. ಒಳಗೆ ಏನಾದರೂ ಉಳಿಯಿತಾ ಎಂದು ಹೇಳುವ ಪದ್ಧತಿ ಇಲ್ಲ, ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ.

ಅವ್ವ ಚೆನ್ನಾಗಿಯೇ ಇದ್ದಳು. ಜಾತ್ರೆಗೆ ನಡೆದುಕೊಂಡು ಹೋಗಿಬಂದಳು, ಹಪ್ಪಳ ಲಟ್ಟಿಸಿದಳು, ಮೊಮ್ಮಕ್ಕಳನ್ನು ಸೊಂಟಕ್ಕೆ ಎತ್ತಿಕೊಂಡಳು. ನಾಲ್ಕನೇ ವರ್ಷವೋ ಏನೋ, ಬಲಗಡೆ ಬೆನ್ನು ಹಿಡಿದುಕೊಂಡಿದೆ ಅಂದಳು. ಹೊಲದ ಕೆಲಸದ ನೋವು ಎಂದು ಎಣ್ಣೆ ತಿಕ್ಕಿದೆವು. ಸಂಜೆಯಾದರೆ ಮೈ ಬಿಸಿ. ಊಟ ಸೇರದು. ಕಿಡ್ನಿಯ ಸೋಂಕು ಇರಬಹುದೆಂದು ಮಾತ್ರೆ ಕೊಟ್ಟರು, ಕಡಿಮೆಯಾಯಿತು, ಮತ್ತೆ ಬಂತು. ಬೆನ್ನ ಮೇಲೆ, ಕೊನೆಯ ಪಕ್ಕೆಲುಬಿನ ಕೆಳಗೆ ಅಂಗೈಯಷ್ಟು ಬಾವು ಎದ್ದಿತು. ಸೂಜಿ ಹಾಕಿ ಕೀವು ತೆಗೆದರು. ಕೆಲವು ವಾರ ಆರಾಮ. ಮತ್ತೆ ಅದೇ ಜಾಗದಲ್ಲಿ ತುಂಬಿತು. ಟಿಬಿ ಇರಬಹುದು ಅಂದರು. ಕೀವಿನ ಪರೀಕ್ಷೆಯಲ್ಲಿ ಟಿಬಿ ಸಿಗಲಿಲ್ಲ, ಆದರೂ ಟಿಬಿ ಮಾತ್ರೆ ಶುರು ಮಾಡಿ ನೋಡೋಣ ಎಂಬ ಮಾತು ಬಂತು. ಮತ್ತೊಬ್ಬರು ಸಿಟಿ ಸ್ಕ್ಯಾನ್ ನೋಡಿ ಗಡ್ಡೆ ಇದ್ದಂತಿದೆ, ಕ್ಯಾನ್ಸರ್ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು ಅಂದರು. ಆ ರಾತ್ರಿ ಮನೆಯಲ್ಲಿ ಯಾರೂ ಒಲೆ ಹಚ್ಚಲಿಲ್ಲ.

ಈ ಡಾಕ್ಟರುಗಳು ಯಾರೂ ದಡ್ಡರಲ್ಲ. ಅವರ ಕೈಗೆ ನಾವು ಕೊಟ್ಟದ್ದೇ ಅಷ್ಟು. ಹಳೆಯ ಡಿಸ್ಚಾರ್ಜ್ ಕಾರ್ಡನ್ನು ಅವ್ವ ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದಳು. ಹೋದಲ್ಲೆಲ್ಲ ತೋರಿಸಿದ್ದೆವು. ಅದರಲ್ಲಿ ಆಪರೇಷನ್ ಬಗ್ಗೆ ಇದ್ದದ್ದು ಇಂಗ್ಲಿಷಿನಲ್ಲಿ ಎರಡು ಸಾಲು: ಲ್ಯಾಪ್ರೊಸ್ಕೋಪಿಯಿಂದ ಪಿತ್ತಕೋಶ ತೆಗೆಯಲಾಗಿದೆ, ಎಲ್ಲ ಸುಸೂತ್ರವಾಗಿ ಆಗಿದೆ. ನಮ್ಮೂರಲ್ಲಿ ಅದೇ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿಕೊಂಡ ಇನ್ನೊಬ್ಬರ ಕಾರ್ಡು ತರಿಸಿ ನೋಡಿದೆ. ಅಕ್ಷರ ಅಕ್ಷರ ಅವೇ ಎರಡು ಸಾಲು. ಹೆಸರು, ವಯಸ್ಸು, ತಾರೀಖು ಬಿಟ್ಟರೆ ಬೇರೆ ವ್ಯತ್ಯಾಸ ಇಲ್ಲ. ಕಂಪ್ಯೂಟರಿನಲ್ಲಿ ಮೊದಲೇ ಟೈಪ್ ಮಾಡಿಟ್ಟ ಸಾಲುಗಳು ಅವು.

ಕೊನೆಗೆ ಒಬ್ಬ ಸರ್ಜನ್, ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಸಿಟಿ ಫಿಲ್ಮನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಕೀವಿನ ನಡುವೆ ಬಿಳಿ ಚುಕ್ಕಿ ಇದ್ದದ್ದನ್ನು ಬೆರಳಿಟ್ಟು ತೋರಿಸಿದರು. ಅವ್ವನ ಹೊಟ್ಟೆಯ ಮೇಲಿನ ಹಳೆಯ ಸಣ್ಣ ಗಾಯದ ಗುರುತುಗಳನ್ನು ನೋಡಿ, ‘ಅವ್ವಾರ, ಈ ಆಪರೇಷನ್ ಆದಾಗ ಹರಳು ಒಳಗ ಬಿದ್ದಾವು ಅಂತ ಯಾರರ ಹೇಳಿದ್ರೇನ್ರಿ?’ ಎಂದು ಕೇಳಿದರು. ಅವ್ವ ನನ್ನ ಮುಖ ನೋಡಿದಳು. ನಾನು ಡಬ್ಬಿಯ ಫೋಟೋ ತೋರಿಸಿದೆ. ಅವರು ಸೂಜಿಯ ಮಾತೇ ಎತ್ತದೆ, ಜಾಗ ತೆರೆದು ಹರಳು ತೆಗೆಯಬೇಕು ಅಂದರು. ಹರಳು ಒಳಗಿರುವ ತನಕ ಎಷ್ಟು ಸಲ ಕೀವು ತೆಗೆದರೂ ಮತ್ತೆ ಬರುತ್ತದೆ, ಆಂಟಿಬಯಾಟಿಕ್ ಬರೀ ಕೆಲವು ದಿನ ಮುಂದಕ್ಕೆ ತಳ್ಳುತ್ತದೆ ಎಂದು ವಿವರಿಸಿದರು. ಆಪರೇಷನ್ ಆದ ಮೇಲೆ ಸ್ಟೀಲಿನ ಟ್ರೇಯಲ್ಲಿ ತಂದು ತೋರಿಸಿದರು. ಮೂರು ಹರಳು. ಚಿಮಟದಿಂದ ಒಂದನ್ನು ಎತ್ತಿ ಬಿಟ್ಟರೆ ಟ್ರೇಯ ಮೇಲೆ ಟಣ್ ಎಂದು ಸಪ್ಪಳವಾಯಿತು. ಫೋಟೋದಲ್ಲಿದ್ದ ಹರಳುಗಳದ್ದೇ ಬಣ್ಣ. ಅದಾದ ಮೇಲೆ ಅವ್ವನಿಗೆ ಬಾವೂ ಬಂದಿಲ್ಲ, ಜ್ವರವೂ ಇಲ್ಲ.

ಸರ್ಜನ್‌ಗಳೇ, ಈಗ ನಿಮ್ಮನ್ನೇ ಕೇಳುತ್ತೇನೆ. ಆ ಮೊದಲನೇ ಆಪರೇಷನ್ ದಿನ ಹರಳು ಚೆಲ್ಲಿದ್ದು ಥಿಯೇಟರಿನಲ್ಲಿ ಯಾರಿಗೂ ಕಾಣದೇ ಇರುವ ಸಾಧ್ಯತೆ ಕಡಿಮೆ. ಕ್ಯಾಮೆರಾ ಇತ್ತು, ಗೋಡೆಯ ಮೇಲೆ ಟಿವಿ ಇತ್ತು. ಸರ್ಜನ್, ಸಹಾಯಕ, ಅರಿವಳಿಕೆ ಡಾಕ್ಟರ್, ಸಿಸ್ಟರ್, ಎಲ್ಲರ ಕಣ್ಣೆದುರು ಅದು ದೊಡ್ಡದಾಗಿ ಕಂಡಿರುತ್ತದೆ. ಹರಿದದ್ದಕ್ಕೆ ನಾನು ದೂರುವುದಿಲ್ಲ. ಸೋಂಕಾದ ಪಿತ್ತಕೋಶ ನುರಿತವರ ಕೈಯಲ್ಲೂ ಹರಿಯುತ್ತದೆ ಎಂದು ಈಗ ಗೊತ್ತು. ಕಂಡಷ್ಟು ಹರಳು ತೆಗೆದು, ನೀರು ಹಾಕಿ ತೊಳೆದಿರುತ್ತೀರಿ, ಅದೂ ಗೊತ್ತು. ಒಂದೆರಡು ಹರಳಿಗಾಗಿ ಹೊಟ್ಟೆಯನ್ನೇ ಕೊಯ್ಯಬೇಕಾಗಿಲ್ಲ ಎಂಬುದು ನಿಮ್ಮ ವಿದ್ಯೆಯವರೇ ಒಪ್ಪಿದ ಮಾತು. ಅದನ್ನೂ ಒಪ್ಪುತ್ತೇನೆ. ಹಾಗೆ ಬಿಟ್ಟ ಮೇಲೆ ಬಿಟ್ಟಿದ್ದೇವೆ ಎಂದು ಬರೆಯಲು ಏನು ಅಡ್ಡಿ? ನಮ್ಮ ದಲಾಲಿ ಅಂಗಡಿಯಲ್ಲಿ ಚೀಲಕ್ಕೆ ಅರ್ಧ ಕಿಲೋ ತೂಕ ಕಡಿಮೆ ಬಂದರೆ ಚೀಟಿಯಲ್ಲಿ ಬರೆದು ರೈತರ ಕೈಗೆ ಕೊಡುತ್ತೇವೆ. ಮನುಷ್ಯರ ಹೊಟ್ಟೆಯ ವಿಷಯದಲ್ಲಿ ಅಷ್ಟಾದರೂ ಬೇಡವಾ?

ಬರೆಯದೆ ಇರುವುದಕ್ಕೆ ಕಾರಣ ಭಯ ಎಂದು ಕೆಲವು ಡಾಕ್ಟರುಗಳು ನನ್ನ ಹತ್ತಿರ ಬಿಚ್ಚಿ ಹೇಳಿದರು. 1995ರಲ್ಲಿ ಸುಪ್ರೀಂ ಕೋರ್ಟು ವಿ.ಪಿ. ಶಾಂತಾ ಕೇಸಿನಲ್ಲಿ ಡಾಕ್ಟರುಗಳ ಸೇವೆಯನ್ನು ಗ್ರಾಹಕ ಕಾನೂನಿನ ಅಡಿಗೆ ತಂದಾಗಿನಿಂದ, ಕಾಗದದಲ್ಲಿ ಒಂದು ಅಪಸ್ವರ ಬರೆದರೆ ಅದೇ ನಾಳೆ ಕೋರ್ಟಿನಲ್ಲಿ ಸಾಕ್ಷಿಯಾಗುತ್ತದೆ ಎಂಬ ಹೆದರಿಕೆ ಇದೆಯಂತೆ. ವಾರ್ಡಿನಲ್ಲಿ ನೆಂಟರು ಗಲಾಟೆ ಮಾಡುತ್ತಾರೆ ಎಂಬುದೂ ಇದೆ. ಈ ಭಯ ಸುಳ್ಳಲ್ಲ. ಡಾಕ್ಟರ ಮೇಲೆ ಕೈ ಮಾಡಿದ ಸುದ್ದಿ ನಾನೂ ಓದಿದ್ದೇನೆ, ಓದಿ ನಾಚಿಕೊಂಡಿದ್ದೇನೆ. ಆದರೂ ಯೋಚನೆ ಮಾಡಿ. ಪಿತ್ತಕೋಶ ಹರಿಯುವುದು ಈ ಆಪರೇಷನ್ನಿನ ಎಲ್ಲರಿಗೂ ಗೊತ್ತಿರುವ ತೊಡಕು. ಅದೊಂದರಿಂದಲೇ ನಿರ್ಲಕ್ಷ್ಯ ಅಂತ ಆಗುವುದಿಲ್ಲ. ಚೆಲ್ಲಿತು, ಹುಡುಕಿದೆವು, ತೊಳೆದೆವು, ಹೇಳಿದೆವು ಎಂದು ಬರೆದ ಕಾಗದ ನಿಮ್ಮ ಪರವಾಗಿಯೇ ನಿಲ್ಲುತ್ತದೆ. ಎಲ್ಲ ಸುಸೂತ್ರ ಎಂದು ಬರೆದು, ನಾಲ್ಕು ವರ್ಷದ ಮೇಲೆ ಬೆನ್ನಿನಿಂದ ಮೂರು ಹರಳು ಹೊರಬಂದರೆ ಆ ಕಾಗದ ಯಾರ ಪರ ನಿಂತೀತು? ನಾವು ಕೋರ್ಟಿಗೆ ಹೋಗಲಿಲ್ಲ. ಎಲ್ಲರೂ ಹಾಗೆ ಬಿಡುವುದಿಲ್ಲ.

ಹೇಳಿದರೆ ರೋಗಿ ಗಾಬರಿಯಾಗುತ್ತಾರೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ನಮ್ಮ ಹಳ್ಳಿಯ ಜನ ಬಿಪಿ, ಶುಗರ್, ಸ್ಟೆಂಟು ಎಲ್ಲವನ್ನೂ ಕೇಳಿ ತಡೆದುಕೊಂಡಿದ್ದಾರೆ. ‘ಅವ್ವಾ, ಒಂದೆರಡು ಹರಳು ಒಳಗ ಉಳಿದಿರಬಹುದು. ಬಹಳ ಮಂದಿಗೆ ಏನೂ ಆಗಂಗಿಲ್ಲ. ಮುಂದ ಎಂದರ ಬಾವು, ಜ್ವರ ಬಂದ್ರ ಈ ಕಾಗದ ತೋರಸ್ರಿ’ ಎಂದು ಹೇಳಿದ್ದರೆ ನಮ್ಮ ಅವ್ವ ತಲೆಯಾಡಿಸಿ ಕಾಗದ ಒಳಗಿಡುತ್ತಿದ್ದಳು. ಅವಳು ಗಾಬರಿಯಾದದ್ದು ಕ್ಯಾನ್ಸರ್ ಎಂಬ ಮಾತು ಕೇಳಿದ ದಿನ.

ಇನ್ನೊಂದು ವಿಷಯ ಇದೆ, ಪತ್ರ ಬರೆಯಲೇಬೇಕು ಅನಿಸಿದ್ದು ಅದರಿಂದಲೇ. ಹರಳು ಸಿಕ್ಕ ಮೇಲೆ ನಾನು ಹಳೆಯ ಆಸ್ಪತ್ರೆಗೆ ಹೋಗಿ ಅವ್ವನ ಆಪರೇಷನ್ ನೋಟ್ಸ್ ಕೇಳಿದೆ. ಡಿಸ್ಚಾರ್ಜ್ ಕಾರ್ಡು ಬೇರೆ, ಸರ್ಜನ್ ತಮ್ಮ ದಾಖಲೆಗೆ ಬರೆಯುವ ಆಪರೇಷನ್ ನೋಟ್ಸ್ ಬೇರೆ. ಅಲ್ಲಾದರೂ ಬರೆದಿದ್ದರಾ ಎಂದು ನೋಡುವ ಆಸೆ. ರೆಕಾರ್ಡ್ ರೂಮಿನವರು ಮರ್ಯಾದೆಯಿಂದಲೇ ಮಾತಾಡಿದರು. ಮೂರು ವರ್ಷ ದಾಟಿದ ಫೈಲು ಇಡುವುದಿಲ್ಲ, ವಿಲೇವಾರಿ ಆಗಿದೆ ಅಂದರು. ಅವರು ಹೇಳಿದ್ದರಲ್ಲಿ ಕಾನೂನಿನ ತಪ್ಪಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡವಳಿಕೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ 3 ವರ್ಷ ಇಟ್ಟರೆ ಸಾಕು. ಆ ಅವಧಿಯಲ್ಲಿ ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೆಲವು ಆಸ್ಪತ್ರೆಗಳು ಇನ್ನೂ ಹೆಚ್ಚು ಕಾಲ ಇಡುತ್ತವೆ, ಅದು ಅವರ ಒಳ್ಳೆಯತನ.

ಲೆಕ್ಕ ಹಾಕಿ ನೋಡಿ. ಹರಳು ಹತ್ತು ವರ್ಷ ಕಾದು ಎದ್ದೇಳಬಲ್ಲದು. ಫೈಲಿನ ಆಯುಸ್ಸು ಮೂರು ವರ್ಷ. ಆಪರೇಷನ್ ಮಾಡಿದ ಸರ್ಜನ್ ಅಷ್ಟರಲ್ಲಿ ಬೆಂಗಳೂರಿಗೋ ಬೆಳಗಾವಿಗೋ ಹೋಗಿರುತ್ತಾರೆ, ಇಲ್ಲ ನಿವೃತ್ತರಾಗಿರುತ್ತಾರೆ. ಅಷ್ಟು ವರ್ಷ ಉಳಿಯುವುದು ರೋಗಿಯ ಮನೆಯ ಟ್ರಂಕಿನಲ್ಲಿರುವ ಡಿಸ್ಚಾರ್ಜ್ ಕಾರ್ಡು ಒಂದೇ. ಅದರಲ್ಲಿ ಇಲ್ಲದ ವಿಷಯ ಮತ್ತೆ ಎಲ್ಲೂ ಸಿಗುವುದಿಲ್ಲ. ಆಪರೇಷನ್ ನೋಟ್ಸಿನಲ್ಲಿ ಬರೆದಿದ್ದೇವೆ, ಅಷ್ಟು ಸಾಕು ಎನ್ನುವವರಿಗೆ ನನ್ನ ಉತ್ತರ ಇದೇ.

ಏನು ಬರೆಯಬೇಕು ಎಂಬುದಕ್ಕೆ ನನಗೆ ಹರಳು ತೆಗೆದ ಸರ್ಜನ್ ಹೇಳಿಕೊಟ್ಟದ್ದನ್ನು ಹಾಗೇ ಇಡುತ್ತೇನೆ: ‘ಆಪರೇಷನ್ ವೇಳೆ ಪಿತ್ತಕೋಶ ಹರಿದು ಹರಳು ಹೊಟ್ಟೆಯಲ್ಲಿ ಚೆಲ್ಲಿವೆ. ಕಂಡಷ್ಟನ್ನು ತೆಗೆದು ತೊಳೆಯಲಾಗಿದೆ. ಕೆಲವು ಉಳಿದಿರಬಹುದು. ಮುಂದೆ ಯಾವಾಗಲಾದರೂ ಹೊಟ್ಟೆ, ಪಕ್ಕೆ, ಬೆನ್ನು ಅಥವಾ ತೂತು ಹಾಕಿದ ಜಾಗದಲ್ಲಿ ಬಾವು, ಕೀವು, ಬಿಡದ ಜ್ವರ ಬಂದರೆ ಈ ಕಾರ್ಡನ್ನು ಡಾಕ್ಟರಿಗೆ ತೋರಿಸಿ.’ ಹರಳಿನ ಬಣ್ಣ, ಗಾತ್ರ, ಆ ದಿನ ಸೋಂಕು ಇತ್ತೇ ಎಂಬುದನ್ನೂ ಸೇರಿಸಿದರೆ ಮುಂದಿನ ಡಾಕ್ಟರಿಗೆ ಇನ್ನೂ ಅನುಕೂಲ. ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಇರಲಿ. ಚೆಲ್ಲದೇ ಇದ್ದರೆ ಚೆಲ್ಲಿಲ್ಲ ಎಂದು ಬರೆಯಿರಿ. ಅದೂ ಉಪಯೋಗದ ಮಾತೇ, ಮುಂದೆ ಬಾವು ಬಂದಾಗ ಬೇರೆ ಕಾರಣ ಹುಡುಕಬಹುದು.

ಆಪರೇಷನ್‌ಗೆ ಮುಂಚೆ ಸಹಿ ಹಾಕಿಸುವ ಒಪ್ಪಿಗೆ ಪತ್ರದಲ್ಲೂ ಈ ತೊಡಕಿನ ಹೆಸರು ಕನ್ನಡದಲ್ಲಿ ಬರಲಿ. ಅವ್ವನದ್ದಕ್ಕೆ ಸಹಿ ಹಾಕಿದವನು ನಾನು. ರಾತ್ರಿ ಹತ್ತರ ಮೇಲೆ, ಸಣ್ಣ ಅಕ್ಷರದ ಇಂಗ್ಲಿಷ್ ಫಾರಂ, ಗುರುತು ಹಾಕಿದ ಕಡೆಯೆಲ್ಲ ಸಹಿ.

ತಡೆಯುವ ಕೆಲಸದ ಬಗ್ಗೆ ನಿಮಗೆ ಹೇಳುವ ಯೋಗ್ಯತೆ ನನ್ನದಲ್ಲ. ಆದರೂ ಕೇಳಿ ತಿಳಿದದ್ದನ್ನು ಬರೆಯುತ್ತೇನೆ, ಯಾಕೆಂದರೆ ಇದು ದುಡ್ಡಿನ ಪ್ರಶ್ನೆ ಅಂತ ಕೆಲವರು ಹೇಳುತ್ತಾರೆ. ಬಿಗಿದುಕೊಂಡ ಪಿತ್ತಕೋಶದ ರಸವನ್ನು ಮೊದಲೇ ಸೂಜಿಯಿಂದ ಎಳೆದುಕೊಂಡರೆ ಹಿಡಿಯಲು ಸುಲಭ, ಹರಿಯುವುದೂ ಕಡಿಮೆ. ಹರಿದ ಜಾಗಕ್ಕೆ ತಕ್ಷಣ ಕ್ಲಿಪ್ಪೋ ಕುಣಿಕೆ ದಾರವೋ ಹಾಕಬಹುದು. ಹೊರಗೆ ತೆಗೆಯುವಾಗ ಪಿತ್ತಕೋಶವನ್ನು ಬೇರೊಂದು ಚೀಲದೊಳಗೆ ಹಾಕಿ ಎಳೆದರೆ, ತೂತಿನಲ್ಲಿ ಸಿಕ್ಕಿ ಒಡೆದರೂ ಹರಳು ಹೊಟ್ಟೆಗೆ ಬೀಳುವುದು ಕಡಿಮೆ. ಇದಕ್ಕೆಂದೇ ಬರುವ ಕಂಪನಿಯ ಚೀಲ, ಎಂಡೋಬ್ಯಾಗ್, ದುಬಾರಿ ನಿಜ. ಆದರೆ ಕ್ರಿಮಿಶುದ್ಧ ಮಾಡಿದ ಕೈಗವಸನ್ನು, ಪೌಡರ್ ತೊಳೆದು, ಕತ್ತರಿಸಿ ಕಟ್ಟಿ ಚೀಲ ಮಾಡಿಕೊಳ್ಳುವ ಜಾಣತನ ನಮ್ಮ ದೇಶದ ಸರ್ಜನ್‌ಗಳಿಗೆ ಮೊದಲಿನಿಂದಲೂ ಇದೆ. ಅದಕ್ಕೆ ಖರ್ಚು ಇಲ್ಲವೆಂದೇ ಹೇಳಬಹುದು.

ಫಿಜಿಷಿಯನ್‌ಗಳಿಗೆ, ಸ್ಕ್ಯಾನ್ ನೋಡುವವರಿಗೆ, ತಾಲೂಕು ಆಸ್ಪತ್ರೆಯ ಡಾಕ್ಟರುಗಳಿಗೆ ಒಂದು ವಿನಂತಿ. ಬಲಪಕ್ಕೆ, ಬೆನ್ನು, ಲಿವರ್ ಸುತ್ತ ಕೀವು ಕಂಡಾಗ, ಮಾಯದ ಹುಣ್ಣು ಕಂಡಾಗ, ಪಿತ್ತಕೋಶದ ಆಪರೇಷನ್ ಆಗಿತ್ತಾ ಎಂದು ಕೇಳಿ. ಎಷ್ಟು ವರ್ಷದ ಹಿಂದಿನದಾದರೂ ಕೇಳಿ. ಸಿಟಿಯಲ್ಲಿ ಎಲ್ಲ ಹರಳೂ ಕಾಣುವುದಿಲ್ಲ, ಸುಣ್ಣದ ಅಂಶ ಇದ್ದರಷ್ಟೇ ಬೆಳ್ಳಗೆ ಕಾಣುತ್ತದೆ. ಸಿಟಿಯಲ್ಲಿ ಕಾಣದ್ದು ಅಲ್ಟ್ರಾಸೌಂಡಿನಲ್ಲಿ ನೆರಳು ಬಿಟ್ಟು ಕಾಣಬಹುದು. ಕೀವಿನ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಇ. ಕೋಲಿ, ಕ್ಲೆಬ್ಸಿಯೆಲ್ಲಾದಂಥ ಕರುಳಿನ ರೋಗಾಣು ಬಂದರೆ ಅದೂ ಒಂದು ಸುಳಿವು. ತೂತಿನ ಜಾಗದ ಹುಣ್ಣಿಗೆ ಉಪಕರಣ ಸರಿಯಾಗಿ ಶುದ್ಧವಾಗದೆ ಬರುವ, ಟಿಬಿಯ ಜಾತಿಯದ್ದೇ ಬೇರೆ ರೋಗಾಣುವೂ ಕಾರಣ ಇರಬಹುದು, ಅದನ್ನೂ ನೋಡಬೇಕು. ನಮ್ಮ ಕಡೆ ಟಿಬಿ ಇರುವುದರಿಂದ ಟಿಬಿ ಎಂಬ ಅನುಮಾನ ಮೊದಲು ಬರುವುದು ಸಹಜವೇ. ಪರೀಕ್ಷೆಯಲ್ಲಿ ಅದು ಸಿಗದೇ ಹೋದಾಗ ಮಾತ್ರೆ ಶುರು ಮಾಡುವ ಮೊದಲು ಈ ಒಂದು ಪ್ರಶ್ನೆಗೆ ಜಾಗ ಕೊಡಿ.

ಜಿಲ್ಲಾ ಆರೋಗ್ಯಾಧಿಕಾರಿಗಳೇ, ಖಾಸಗಿ ಆಸ್ಪತ್ರೆಗಳ ನೋಂದಣಿ, ದೂರು ಎರಡೂ ನಿಮ್ಮ ಕಚೇರಿಗೇ ಬರುತ್ತವೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಪ್ರಾಧಿಕಾರ ಪ್ರತಿ ಜಿಲ್ಲೆಯಲ್ಲೂ ಇದೆ. ತಿದ್ದುಪಡಿಯಾದ ಮೇಲೆ ರೋಗಿಗಳ ಹಕ್ಕುಪತ್ರವೂ ಅದರಲ್ಲಿ ಸೇರಿದೆ. ಹೊಸ ಕಾನೂನು ಬೇಡ. ಮೂರು ಜಿಲ್ಲೆಗಳಿಂದ ಒಂದೊಂದು ಸುತ್ತೋಲೆ ಹೊರಟರೆ ಸಾಕು: ಪಿತ್ತಕೋಶದ ಲ್ಯಾಪ್ರೊಸ್ಕೋಪಿ ಮಾಡುವ ಪ್ರತಿ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡಿನಲ್ಲಿ ಹರಳು ಚೆಲ್ಲಿದೆ, ಇಲ್ಲ ಎಂದು ತುಂಬುವ ಒಂದು ಕಾಲಂ ಇರಬೇಕು, ಅದನ್ನು ಖಾಲಿ ಬಿಡಬಾರದು. ಸರ್ಕಾರಿ ಆಸ್ಪತ್ರೆಗಳಿಗೂ ಇದೇ ಹೋಗಲಿ. ಜನ ಕಿಮ್ಸ್ ಎನ್ನುವ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು, ಗದಗಿನ ಜಿಮ್ಸ್, ಹಾವೇರಿಯ ವೈದ್ಯಕೀಯ ಕಾಲೇಜು, ಇಲ್ಲೆಲ್ಲ ನಾಳೆಯ ಸರ್ಜನ್‌ಗಳು ತಯಾರಾಗುತ್ತಾರೆ. ಪಿಜಿ ವಿದ್ಯಾರ್ಥಿಗಳು ಮೊದಲ ದಿನದಿಂದ ಈ ಕಾಲಂ ತುಂಬಿ ಅಭ್ಯಾಸವಾದರೆ ಮುಂದೆ ಅವರು ಎಲ್ಲಿ ನರ್ಸಿಂಗ್ ಹೋಮ್ ತೆರೆದರೂ ಆ ಅಭ್ಯಾಸ ಜೊತೆಗೆ ಹೋಗುತ್ತದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಿಲ್ಲಿಗೆ ಹೇಗೂ ಕಾಗದಪತ್ರ ಅಪ್‌ಲೋಡ್ ಮಾಡುತ್ತಾರೆ. 14 ಅಂಕಿಯ ಆಭಾ ನಂಬರ್ (ಡಿಜಿಟಲ್ ಆರೋಗ್ಯ ಖಾತೆಯ ನಂಬರ್) ಇರುವವರ ದಾಖಲೆಗೆ ಆಪರೇಷನ್ ನೋಟ್ಸನ್ನೂ ಜೋಡಿಸಿದರೆ ಮನೆಯ ಟ್ರಂಕು ಕಳೆದುಹೋದರೂ ವಿಷಯ ಉಳಿಯುತ್ತದೆ.

ಈಗಾಗಲೇ ಈ ಆಪರೇಷನ್ ಮಾಡಿಸಿಕೊಂಡವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಗಾಬರಿ ಬೀಳಬೇಡಿ. ಆರಾಮ ಇದ್ದೀರಿ ಅಂದರೆ ಸುಮ್ನೆ ಸ್ಕ್ಯಾನ್ ಮಾಡಿಸಲು ಓಡಬೇಕಾಗಿಲ್ಲ. ಆಪರೇಷನ್ ಆಗಿ ಮೂರು ವರ್ಷ ಆಗಿಲ್ಲದಿದ್ದರೆ ಈಗಲೇ ಆಸ್ಪತ್ರೆಗೆ ಒಂದು ಅರ್ಜಿ ಬರೆದು ಆಪರೇಷನ್ ನೋಟ್ಸಿನ ನಕಲು ತೆಗೆದುಕೊಳ್ಳಿ, ಅರ್ಜಿಗೆ ಸ್ವೀಕೃತಿ ಹಾಕಿಸಿಕೊಳ್ಳಿ. ವಿಡಿಯೋ ಮಾಡಿದ್ದರೆ ಅದನ್ನೂ ಕೇಳಿ. ಮುಂದೆ ಆಪರೇಷನ್ ಇರುವವರು ಹೊರಗೆ ಹರಳಿನ ಡಬ್ಬಿ ತೋರಿಸಿದಾಗಲೇ ‘ಒಳಗ ಏನರ ಉಳದಾವೇನ್ರಿ?’ ಎಂದು ಕೇಳಿ. ಸಿಟ್ಟಿನಿಂದ ಬೇಡ. ಉಳಿದಿವೆ ಎಂದು ಡಾಕ್ಟರು ಒಪ್ಪಿಕೊಂಡರೆ ಅವರ ಮೇಲೆ ಏರಿ ಹೋಗಬೇಡಿ. ನಿಜ ಹೇಳಿದವರಿಗೆ ನಾವು ಬೈದರೆ ಮುಂದಿನ ಸಲ ಅವರು ಯಾರಿಗೂ ಹೇಳುವುದಿಲ್ಲ.

ಸುತ್ತೋಲೆಯ ಕರಡು ಮಾಡುವಾಗ ಅವ್ವನ ಕಾಗದಗಳು ಬೇಕಾದರೆ ಕೊಡಲು ತಯಾರಿದ್ದೇನೆ. ಎರಡು ಡಿಸ್ಚಾರ್ಜ್ ಕಾರ್ಡು, ಸಿಟಿ ಫಿಲ್ಮು, ಕಲ್ಚರ್ ರಿಪೋರ್ಟು, ಡಬ್ಬಿಯ ಫೋಟೋ ಎಲ್ಲವೂ ಇವೆ. ಎರಡನೇ ಕಾರ್ಡಿನಲ್ಲಿ ಸರ್ಜನ್ ತಮ್ಮ ಕೈಯಿಂದಲೇ ಬರೆದಿದ್ದಾರೆ: ಮೂರು ಹರಳು ತೆಗೆಯಲಾಗಿದೆ, ಇನ್ನೂ ಇರಬಹುದು, ಬಾವು ಬಂದರೆ ತಕ್ಷಣ ಬರಬೇಕು. ಅವರಂತೆ ನೀವೂ ಬರೆಯಬಹುದು ಅಲ್ವಾ?

ಇತಿ ತಮ್ಮ ವಿಶ್ವಾಸಿ,
ಕುಂದಗೋಳ ತಾಲೂಕಿನ ಒಬ್ಬ ರೋಗಿಯ ಮಗ